ಮಾಮಿ ಕೂತ ಗಾಡಿ

ನಾನು ನಿವೃತ್ತಳಾದ ದಿನ ನಮ್ಮ ಅಮ್ಯೂಸ್‌ಮೆಂಟ್ ಪಾರ್ಕಿನ ಹುಡುಗಿಯರು ಶಾಲು ಹೊದಿಸಿ, ಕೈಗೆ ಮೈಕು ಕೊಟ್ಟು, "ಮ್ಯಾಡಮ್, ಕುಛ್ ತೋ ಬೋಲಿಯೇ" ಎಂದರು, ಏನಾದರೂ ಮಾತಾಡಿ ಎಂದು. ಕೆಲಸದ ವರ್ಷಗಳನ್ನೆಲ್ಲ ಮೈಕಿನಲ್ಲಿ ಮಾತಾಡಿಯೇ ಕಳೆದ ನಾನು ಅವತ್ತು ಎರಡು ಮಾತು ಹೇಳಿ ಕೂತುಬಿಟ್ಟೆ. ಆಮೇಲೆ ರೇಣುಕಾ ನನ್ನ ಹತ್ತಿರ ಬಂದಳು. ಡೊಂಬಿವಲಿಯಲ್ಲಿ ಬೆಳೆದ, ವಿಜಾಪುರದ ಕಡೆಯ ಹುಡುಗಿ. ಆಗಷ್ಟೇ ರೈಡ್ ವಿಭಾಗಕ್ಕೆ ಸೇರಿದ್ದಳು. "ಅಕ್ಕಾರ, ಹೇಳಾಕ ಆಗ್ಲಿಲ್ಲಂದ್ರ ಬರದರ ಕೊಡ್ರಿ. ಕನ್ನಡದಾಗ ಬರೀರಿ, ನಾ ಓದಿ ಎಲ್ಲಾರಿಗೂ ಹಿಂದಿಯೊಳಗ ಹೇಳ್ತೀನಿ" ಎಂದಳು. ಅವಳಿಗಾಗಿ ಬರೆಯುತ್ತಿದ್ದೇನೆ.

ಯಾವಾಗ ಆಪರೇಟರ್ ಆದೆ, ಯಾವಾಗ ಇನ್‌ಚಾರ್ಜ್ ಆದೆ ಎಂಬುದನ್ನೆಲ್ಲ ಬಿಡುತ್ತೇನೆ. ಅದು ಆಫೀಸಿನ ಕಪಾಟಿನಲ್ಲಿದೆ, ಯಾರಿಗೂ ಬೇಕಾಗಿಲ್ಲ. ನಿಮಗೆ ಬೇಕಾದದ್ದು ಗಾಡಿಯ ವಿಷಯ.

ನಾನು ಮೊದಲು ಸೇರಿದ್ದು ಲಾಕರ್ ವಿಭಾಗಕ್ಕೆ. ಜನ ನೀರಿಗಿಳಿಯುವ ಮುಂಚೆ ಬಟ್ಟೆ, ಪರ್ಸು ಇಡುವ ಜಾಗ. ಗಂಡ ಸದಾನಂದ ಠಾಣೆ ಸ್ಟೇಷನ್ ಹತ್ತಿರದ ಶಾಕಾಹಾರಿ ಹೋಟೆಲಿನಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಿದ್ದರು. ಮಗಳು ಸ್ನೇಹಾ ಶಾಲೆಗೆ ಹೋಗಲು ಶುರುಮಾಡಿದ ಮೇಲೆ ನಾನೂ ಕೆಲಸ ಹುಡುಕಿದೆ. ಠಾಣೆಯ ಕೋಪರಿಯಲ್ಲಿದ್ದ ನಮ್ಮ ಚಾಳಿನ ಮನೆಯಿಂದ ನಡೆದು ಸ್ಟೇಷನ್ನು, ಅಲ್ಲಿಂದ ನವಿ ಮುಂಬಯಿಯ ಲೋಕಲ್, ಇಳಿದ ಮೇಲೆ ಪಾರ್ಕಿನ ಬಸ್ಸು. ಲಾಕರಿನಲ್ಲಿ ಬೀಗದ ಕೈ ಕೊಡುತ್ತ ಕೂತಿದ್ದಾಗ ಒಂದು ದಿನ ರೈಡ್ ವಿಭಾಗದ ಸಾವಂತ್ ಸಾಹೇಬರು ಬಂದು, "ತುಮ್ಹಾಲಾ ಮೋಠ್ಯಾ ಆವಾಜಾತ್ ಬೋಲತಾ ಯೇತಂ ಕಾ?" ಎಂದು ಕೇಳಿದರು. ದೊಡ್ಡ ಸ್ವರದಲ್ಲಿ ಮಾತಾಡಲು ಬರುತ್ತದಾ ಎಂದು. ಮನೆಯಲ್ಲಿ ನನ್ನ ಸ್ವರ ಯಾರೂ ಕೇಳಿದವರಿಲ್ಲ. ಆದರೂ "ಯೇತಂ" ಎಂದೆ. ಮರುದಿನದಿಂದ ನಾನು ಗಾಡಿಯ ಪ್ಲಾಟ್‌ಫಾರಂ ಮೇಲೆ.

ಗಾಡಿ ಎಂದರೆ ನಮ್ಮ ರೋಲರ್ ಕೋಸ್ಟರ್. ಬೇರೆ ಪಾರ್ಕುಗಳಲ್ಲಿ ನೀವು ನೋಡಿರಬಹುದಾದ ಹಾಗೆ ಸರಪಳಿ ಹಿಡಿದು ಟಕಟಕ ಎಂದು ಮೇಲೇರುವಂಥದ್ದಲ್ಲ ಇದು. ನಿಂತಲ್ಲಿಂದ ಗುಂಡು ಹೊಡೆದಂತೆ ಚಿಮ್ಮುತ್ತದೆ. ನೇರ ಓಡಿ, ಉಕ್ಕಿನ ದೊಡ್ಡ ಬಳೆಯೊಳಗೆ ತಲೆಕೆಳಗಾಗಿ ಸುತ್ತಿ, ಆಚೆಗಿನ ಏರನ್ನು ಹತ್ತುತ್ತದೆ. ಅಲ್ಲಿ ಹಳಿ ಮುಗಿಯುತ್ತದೆ. ಅದರ ತುದಿಯಲ್ಲಿ ಒಂದು ಕ್ಷಣ ನಿಂತು, ತನ್ನ ಭಾರಕ್ಕೆ ತಾನೇ ಹಿಮ್ಮುಖವಾಗಿ ಜಾರಿ, ಅದೇ ಬಳೆಯನ್ನು ಹಿಂದು ಮುಂದಾಗಿ ಸುತ್ತಿ, ಪ್ಲಾಟ್‌ಫಾರಂ ದಾಟಿ ಹಿಂದಿನ ಏರಿಗೆ ಹೋಗಿ, ಕೊನೆಗೆ ನಿಧಾನವಾಗಿ ಬಂದು ಹತ್ತಿಸಿಕೊಂಡ ಜಾಗದಲ್ಲೇ ಇಳಿಸುತ್ತದೆ. ಈಗ ಅದನ್ನು ಆಯಸ್ಕಾಂತದ ಬಲ ತಳ್ಳುತ್ತದೆ. ನಮ್ಮ ಕಾಲದಲ್ಲಿ ನೆಲದಡಿ ಒಂದು ಭಾರದ ಚಕ್ರ ಸುತ್ತುತ್ತಿತ್ತು. ಅದು ವೇಗ ಹಿಡಿದ ಮೇಲೆ ಉಕ್ಕಿನ ಕೇಬಲ್ ಗಾಡಿಯನ್ನು ಎಳೆದೊಗೆಯುತ್ತಿತ್ತು. ಒಗೆಯುವ ಮೊದಲು ಕಾಲಡಿಯ ನೆಲ ಸಣ್ಣಗೆ ನಡುಗುತ್ತಿತ್ತು. ಈಗಿನ ಹುಡುಗಿಯರು ಅದನ್ನು ಅನುಭವಿಸಿಲ್ಲ, ಪಾಪ.

ಸಾವಂತ್ ಸಾಹೇಬರು ಕಡಿಮೆ ಮಾತಿನ ಮನುಷ್ಯ. ಕಲ್ಯಾಣದಿಂದ ಬರುತ್ತಿದ್ದರು, ಎಲ್ಲರಿಗಿಂತ ಮೊದಲು. ಬೆಳಿಗ್ಗೆ ಸೀಟುಗಳಲ್ಲಿ ಜನರ ಭಾರಕ್ಕೆ ಬದಲಾಗಿ ನೀರು ತುಂಬಿದ ಪ್ಲಾಸ್ಟಿಕ್ ಬೊಂಬೆಗಳನ್ನು ಕೂರಿಸಿ ಗಾಡಿ ಬಿಡಿಸುತ್ತಿದ್ದರು, ಮತ್ತು ಹಳಿಯ ಪಕ್ಕದಲ್ಲಿ ಕಣ್ಣು ಮುಚ್ಚಿ ನಿಂತು ಸದ್ದು ಕೇಳುತ್ತಿದ್ದರು. ನನಗೆ ಅವರು ಮೊದಲು ಕಲಿಸಿದ್ದು ಲಾಕ್ ಚೆಕ್. ಹೆಗಲ ಮೇಲಿನಿಂದ ಇಳಿಯುವ ಕಂಬಿಯನ್ನು ಕಣ್ಣಿನಲ್ಲಿ ನೋಡಿದರೆ ಆಗದು, ಕೈಯಲ್ಲಿ ಎಳೆದು ನೋಡಬೇಕು. ಪ್ರತಿಯೊಬ್ಬರದ್ದೂ, ಪ್ರತಿ ಸಲವೂ. "ನೂರು ಸಲ ಸರಿ ಇತ್ತು ಅಂತ ನೂರಾ ಒಂದನೆಯದನ್ನು ಬಿಡಬೇಡಿ" ಎನ್ನುತ್ತಿದ್ದರು. ರೇಣುಕಾ, ನೀನು ಬೇರೆ ಏನು ಮರೆತರೂ ಇದನ್ನು ಮರೆಯಬೇಡ.

ಲಾಕ್ ಎಳೆಯುವ ಆ ಚೂರು ಹೊತ್ತಿನಲ್ಲಿ ಜನ ಏನೇನೋ ಹೇಳುತ್ತಾರೆ. ನಿನ್ನೆ ನಿಶ್ಚಿತಾರ್ಥ ಆಯಿತು ಎನ್ನುತ್ತಾರೆ. ಅಮ್ಮನಿಗೆ ಹೇಳದೆ ಬಂದಿದ್ದೇನೆ ಎನ್ನುತ್ತಾರೆ. ಟಿಟ್ವಾಳಾದಿಂದ ಮೊಮ್ಮಕ್ಕಳ ಜೊತೆ ಬಂದ ಅಜ್ಜರೊಬ್ಬರು ತಮ್ಮ ಹಲ್ಲಿನ ಸೆಟ್ ತೆಗೆದು, ಕರವಸ್ತ್ರದಲ್ಲಿ ಸುತ್ತಿ, ಮೆಲ್ಲಗೆ ನನ್ನ ಕೈಗಿಟ್ಟರು. "ಬೀಳಬಾರದಲ್ಲ" ಎಂದು ಬೊಚ್ಚುಬಾಯಲ್ಲಿ ಮರಾಠಿಯಲ್ಲಿ ಹೇಳಿದರು. ಸವಾರಿ ಮುಗಿದ ಖುಷಿಯಲ್ಲಿ ಅದನ್ನು ಮರೆತೇ ಹೋದರು. ನಾನು ಕರವಸ್ತ್ರ ಹಿಡಿದು ಪಾರ್ಕಿಡೀ ಹುಡುಕಿದೆ. ಕೊನೆಗೆ ವಡಾಪಾವಿನ ಅಂಗಡಿಯ ಮುಂದೆ, ಕೈಯಲ್ಲಿ ವಡಾಪಾವ್ ಹಿಡಿದು ತಿನ್ನಲಾಗದೆ ದಿಗಿಲಾಗಿ ನಿಂತಿದ್ದವರು ಸಿಕ್ಕಿದರು.

ಮೈಕಿನಲ್ಲಿ ನನ್ನ ಮೊದಲ ವಾರದ ಎಡವಟ್ಟನ್ನೂ ಹೇಳಿಬಿಡುತ್ತೇನೆ, ನಗಿ. ಗಾಡಿ ಈಗ ಮೇಲಕ್ಕೆ ಹೋಗುತ್ತದೆ ಎಂದು ಹೇಳಬೇಕಿತ್ತು. ನಮ್ಮ ಕರಾವಳಿಯ ಹಿಂದಿಯಲ್ಲಿ ಗಟ್ಟಿಯಾಗಿ, "ಅಭೀ ಆಪ್ ಸಬ್ ಲೋಗ್ ಊಪರ್ ಜಾಯೇಂಗೇ" ಎಂದುಬಿಟ್ಟೆ. ಹಿಂದಿಯಲ್ಲಿ ಮೇಲಕ್ಕೆ ಹೋಗುವುದೆಂದರೆ ಸಾಯುವುದು ಎಂದೂ ಅರ್ಥವಾಗುತ್ತದೆಂದು ನನಗೆ ಯಾರು ಹೇಳಿದ್ದರು? ಗಾಡಿಯಲ್ಲಿದ್ದವರು ಬಿದ್ದು ಬಿದ್ದು ನಕ್ಕರು. ಒಬ್ಬ ದಪ್ಪ ಮೀಸೆಯವನು ಮಾತ್ರ "ಮುಝೇ ಉತಾರೋ" ಎಂದು ನಿಜಕ್ಕೂ ಇಳಿದು ಹೋದ. ಸಾವಂತ್ ಸಾಹೇಬರು ನಗಲೂ ಇಲ್ಲ, ಬೈಯಲೂ ಇಲ್ಲ. "ವಾರಿಜಾಬಾಯಿ, ಉದ್ಯಾಪಾಸೂನ್ 'ಆಗೇ ಜಾಯೇಂಗೇ' ಬೋಲಾ" ಎಂದರು, ನಾಳೆಯಿಂದ 'ಮುಂದಕ್ಕೆ ಹೋಗುತ್ತೀರಿ' ಎನ್ನಿ ಎಂದು. ಅವತ್ತಿನಿಂದ ನನ್ನ ಪ್ರಯಾಣಿಕರೆಲ್ಲ ಮುಂದಕ್ಕೆ ಹೋಗುತ್ತಿದ್ದರು.

ಈಗ ಮನೆಯ ಮಾತು. ಅತ್ತೆಯನ್ನು ನಾವು ತುಳುವಿನಲ್ಲಿ ಮಾಮಿ ಎನ್ನುತ್ತೇವೆ. ನಮ್ಮ ಮಾಮಿ ಉಡುಪಿಯ ಕಟಪಾಡಿ ಕಡೆಯಿಂದ ಮದುವೆಯಾಗಿ ಕೋಪರಿಗೆ ಬಂದವರು. ಮಾವ ಸಣ್ಣ ಹೋಟೆಲು ನಡೆಸುತ್ತಿದ್ದಾಗ ಹಿಟ್ಟು ರುಬ್ಬಿಕೊಟ್ಟವರು, ಮಾವ ತೀರಿಕೊಂಡ ಮೇಲೆ ಮೂರು ಮಕ್ಕಳನ್ನು ದಡ ಸೇರಿಸಿದವರು. ಕೆಟ್ಟವರಲ್ಲ. ಆದರೆ ಮನೆಯಲ್ಲಿ ಅವರದ್ದೇ ಸ್ವರ. ನಾನು ಕೆಲಸಕ್ಕೆ ಹೋಗುವುದನ್ನು ತಡೆಯಲಿಲ್ಲ, ಅದೇನು ಕೆಲಸ ಎಂದು ಕೇಳಲೂ ಇಲ್ಲ. ಶನಿವಾರದ ಭಜನಾ ಮಂಡಳಿಯ ಹೆಂಗಸರು ಕೇಳಿದರೆ "ನವಿ ಮುಂಬಯಿಯಲ್ಲಿ ಆಫೀಸು" ಎನ್ನುತ್ತಿದ್ದರು. ನಾವಷ್ಟೇ ಇದ್ದಾಗ "ಆ ಜಾತ್ರೆ ತೊಟ್ಟಿಲು ತಿರುಗಿಸುವ ಕೆಲಸ" ಎನ್ನುತ್ತಿದ್ದರು. ನಾನೂ ತಿದ್ದಲು ಹೋಗಲಿಲ್ಲ. ಪಾರ್ಕಿನಲ್ಲಿ ಹಗಲಿಡೀ ಕೂಗಿದ ಗಂಟಲು ಮನೆಯ ಹೊಸಿಲು ದಾಟಿದರೆ ತಾನಾಗಿ ಸಣ್ಣದಾಗುತ್ತಿತ್ತು.

ಕೆಲಸದವರ ಮನೆಮಂದಿಗೆ ಪಾರ್ಕಿನವರು ವರ್ಷಕ್ಕೊಮ್ಮೆ ಪುಕ್ಕಟೆ ಪಾಸ್ ಕೊಡುತ್ತಿದ್ದರು. ಪ್ರತಿ ವರ್ಷ ಗಂಡ, ಮಗಳು ಬರುತ್ತಿದ್ದರು, ಮಾಮಿ "ಬಿಸಿಲಿಗೆ ಯಾರು ಹೋಗುದು" ಎಂದು ಉಳಿಯುತ್ತಿದ್ದರು. ಸ್ನೇಹಾ ಕಾಲೇಜು ಸೇರಿದ ವರ್ಷ ಅಜ್ಜಿಯನ್ನು ಬಿಡಲೇ ಇಲ್ಲ. ಅವಳಿಗೆ ತುಳು, ಕನ್ನಡ ಎರಡೂ ಅರ್ಥವಾಗುತ್ತದೆ, ಬಾಯಿ ಬಿಟ್ಟರೆ ಮಾತ್ರ ಮರಾಠಿ. "ಆಜೀ, ತೂ ಚಲ್. ಆಈಚೀ ಗಾಡೀ ಬಘ್" ಎಂದು, ಅಮ್ಮನ ಗಾಡಿ ನೋಡು ಬಾ ಎಂದು, ಎಳೆದುಕೊಂಡೇ ಬಂದಳು.

ಮಧ್ಯಾಹ್ನದ ಹೊತ್ತಿಗೆ ಮೂವರೂ ನನ್ನ ಪ್ಲಾಟ್‌ಫಾರಂ ಹತ್ತಿರ ಬಂದರು. ಗಂಡ ಎಂದಿನಂತೆ ಬೇಲಿಯ ಆಚೆ ನಿಂತರು, ಅವರಿಗೆ ಎತ್ತರವೆಂದರೆ ಆಗದು. ಮಾಮಿ ಗಾಡಿಯನ್ನು ಒಮ್ಮೆ, ಬಳೆಯನ್ನು ಒಮ್ಮೆ ನೋಡಿ, ಮೊಮ್ಮಗಳ ಜೊತೆ ನೇರ ಮುಂದಿನ ಸಾಲಿನಲ್ಲಿ ಕೂತುಬಿಟ್ಟರು.

ನಾನು ಎಲ್ಲರನ್ನೂ ಕೇಳುವಂತೆ ಅವರನ್ನೂ ಕೇಳಿದೆ. ನಾವು ಮಾತಾಡಿದ್ದು ತುಳುವಿನಲ್ಲಿ, ಇಲ್ಲಿ ನಮ್ಮೂರ ಕನ್ನಡಕ್ಕೆ ತಂದು ಬರೆಯುತ್ತಿದ್ದೇನೆ. "ಮಾಮಿ, ಬಿಪಿ, ಹೃದಯ, ಬೆನ್ನು, ಎಂತದಾದ್ರೂ ತೊಂದರೆ ಉಂಟಾ?"

"ಡಾಕ್ಟ್ರ ಹತ್ರ ಕರ್ಕೊಂಡು ಹೋಗುದು ನೀನೇ ಅಲ್ವಾ? ಗೊತ್ತಿಲ್ವಾ ನಿನಗೆ?"

"ಗೊತ್ತುಂಟು. ಆದ್ರೂ ಕೇಳ್ಬೇಕು."

"ಇಲ್ಲ ಮಾರಾಯ್ತಿ. ಎಂತದೂ ಇಲ್ಲ."

ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ನಾವು ಕೊಡುವ ಪಟ್ಟಿಯಿಂದ ನೆರಿಗೆ ಕಟ್ಟಿದೆ. ಅವರ ಲಾಕ್ ಎಳೆದು ನೋಡಿದೆ. ಮಗಳದ್ದನ್ನೂ ನೋಡಿದೆ. ಕೇಬಿನ್ನಿಗೆ ಹೋಗಿ ಗುಂಡಿ ಒತ್ತಿದೆ.

ಗಾಡಿ ಚಿಮ್ಮಿತು. ಆದರೆ ಬಳೆಯ ಮೇಲ್ಭಾಗದಲ್ಲಿ ಅದು ಎಂದಿಗಿಂತ ನಿಧಾನವಾಗಿತ್ತು. ಆಚೆಯ ಏರನ್ನು ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಹತ್ತಿ ಹಿಂದಕ್ಕೆ ಜಾರಿತು. ಹಿಮ್ಮುಖವಾಗಿ ಬಳೆಯನ್ನು ಹತ್ತಲು ಹೋಗಿ, ಸಾಧ್ಯವಾಗದೆ ಮತ್ತೆ ಏರಿನ ಕಡೆಗೇ ಉರುಳಿತು. ಹೀಗೆ ಆಚೆ ಈಚೆ ತೂಗುತ್ತ ತೂಗುತ್ತ, ಬಳೆಗೂ ಏರಿಗೂ ನಡುವಿನ ತಗ್ಗಿನಲ್ಲಿ ನಿಂತುಬಿಟ್ಟಿತು.

ಭಯಪಡುವಂಥದ್ದಲ್ಲ ಇದು. ಎಲ್ಲರೂ ನೆಟ್ಟಗೆ ಕೂತಿರುತ್ತಾರೆ, ಲಾಕ್ ಭದ್ರವಾಗಿರುತ್ತದೆ, ನೆಲವೂ ತೀರ ಕೆಳಗಿರುವುದಿಲ್ಲ. ಗಾಲಿಗೆ ಅಡ್ಡ ಕೊಟ್ಟು, ಏಣಿ ತಂದು, ಒಬ್ಬೊಬ್ಬರನ್ನೇ ಇಳಿಸುವುದು. ನಾವು ಅದನ್ನು ಎಷ್ಟೋ ಸಲ ಬೊಂಬೆಗಳನ್ನಿಟ್ಟುಕೊಂಡು ಅಭ್ಯಾಸ ಮಾಡಿದ್ದೆವು. ಆದರೆ ಬೊಂಬೆಗಳು ಕಿರುಚುವುದಿಲ್ಲ. ಅವುಗಳ ನಡುವೆ ನನ್ನ ಮಗಳೂ ಮಾಮಿಯೂ ಇರಲಿಲ್ಲ.

ಸಾವಂತ್ ಸಾಹೇಬರು ಓಡಿ ಬಂದು, ಕರೆಂಟು ಕತ್ತರಿಸಿ, ಅದರ ಕೀಲಿಯನ್ನು ತಮ್ಮ ಜೇಬಿಗೆ ಹಾಕಿಕೊಂಡರು. ಎಲ್ಲರೂ ಇಳಿಯುವ ತನಕ ಆಪರೇಟರ್ ಕೇಬಿನ್ ಬಿಡಬಾರದು, ಮೈಕು ಬಿಡಬಾರದು. ಅದು ನಿಯಮ.

"ಸಾಹೇಬ್, ಮಾಝೀ ಸಾಸೂ, ಮಾಝೀ ಮುಲಗೀ..." ಎಂದೆ. ನನ್ನ ಅತ್ತೆ, ನನ್ನ ಮಗಳು.

"ಮಾಹೀತ್ ಆಹೇ. ಮ್ಹಣೂನಚ್ ಬೋಲತ್ ರಾಹಾ." ಗೊತ್ತಿದೆ, ಅದಕ್ಕೇ ಮಾತಾಡುತ್ತಿರಿ ಎಂದು ಹೇಳಿ ಅವರು ಹಳಿಯ ಕಡೆ ಓಡಿದರು.

ಮಾತಾಡಿದೆ. ಮರಾಠಿ, ಹಿಂದಿ, ಇಂಗ್ಲಿಷ್. ಹೆದರಬೇಡಿ, ಲಾಕ್ ಮುಟ್ಟಬೇಡಿ, ನಮ್ಮವರು ಬರುತ್ತಿದ್ದಾರೆ. ಕೇಬಿನ್ನಿನ ಪರದೆಯಲ್ಲಿ ಗಾಡಿ ಕಾಣುತ್ತಿತ್ತು. ಮಧ್ಯದ ಸಾಲಿನ ಯುವಕನೊಬ್ಬ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗುತ್ತಿದ್ದ. ಅವನ ಕೂಗಿಗೆ ಹಿಂದಿನ ಹೆಂಗಸರು ಅಳಲು ಶುರುಮಾಡಿದ್ದರು. ಸ್ನೇಹಾ ನನ್ನ ಕೇಬಿನ್ನಿನ ಕಡೆಗೆ ತಿರುಗಿ ತಿರುಗಿ ನೋಡುತ್ತಿದ್ದಳು. ಮಾಮಿ ಮಾತ್ರ ಅಲುಗಾಡುತ್ತಿರಲಿಲ್ಲ. ತಲೆ ಬಾಗಿತ್ತು. ಅವರಿಗೆ ಏನೋ ಆಗಿಹೋಗಿದೆ ಎಂದುಕೊಂಡೆ.

ನಿಯಮದಲ್ಲಿ ಇಲ್ಲದ್ದನ್ನು ಆಗ ಮಾಡಿದೆ. ಇಡೀ ಪಾರ್ಕಿಗೆ ಕೇಳುವ ಮೈಕಿನಲ್ಲಿ ತುಳುವಿನಲ್ಲಿ ಹೇಳಿದೆ: "ಪೋಡ್ಯೊಡ್ಚಿ ಮಾಮಿ. ಯಾನ್ ಉಲ್ಲೆ."

ಹೆದರಬೇಡಿ ಮಾಮಿ. ನಾನಿದ್ದೇನೆ.

ಪರದೆಯಲ್ಲಿ ಆ ತಲೆ ಎದ್ದಿತು. ಅವರು ಒಂದು ಕೈ ಎತ್ತಿದರು. ಆಮೇಲೆ ಕುತ್ತಿಗೆಯನ್ನು ಆದಷ್ಟು ಹಿಂದಕ್ಕೆ ತಿರುಗಿಸಿ ಆ ಯುವಕನಿಗೆ ಏನೋ ಹೇಳುವುದು ಕಂಡಿತು. ಅವನು ಕಂಬಿ ಬಿಟ್ಟ. ಗಾಡಿಯಲ್ಲಿ ಕೂಗು ನಿಂತಿತು.

ಏಣಿ ಹಿಂದಿನ ಸಾಲಿಗೆ ತಾಗಿತ್ತು, ಹಾಗಾಗಿ ಹಿಂದಿನಿಂದ ಇಳಿಸುತ್ತ ಬಂದರು. ಮುಂದಿನ ಸಾಲು ಎಲ್ಲಕ್ಕಿಂತ ಕೊನೆ. ಒಂದೊಂದು ಲಾಕ್ ಬಿಡಿಸುವಾಗಲೂ ನಾನು ಮೈಕಿನಲ್ಲಿ ಅವರವರಿಗೆ ಹೇಳಬೇಕು, ಕಾಲು ಇಲ್ಲಿಡಿ, ಕೈ ಅಲ್ಲಿ ಹಿಡಿಯಿರಿ. ಯಾರ್ಯಾರನ್ನೋ ಹೆಸರು ಗೊತ್ತಿಲ್ಲದೆ "ಭಾಯಿಸಾಬ್", "ತಾಯೀ" ಎಂದು ಕರೆದು ಇಳಿಸುತ್ತ ಹೋದೆ. ಅಷ್ಟು ಹೊತ್ತೂ ನನ್ನ ಕಣ್ಣು ಮುಂದಿನ ಸಾಲಿನ ಮೇಲೇ ಇತ್ತು. ಸ್ನೇಹಾ ಇಳಿದಳು. ಕೊನೆಯವರು ಮಾಮಿ. ಸಾವಂತ್ ಸಾಹೇಬರು ತಾವೇ ಮೇಲೆ ಹತ್ತಿ ಅವರ ಕೈ ಹಿಡಿದರು. ಅವರ ಕಾಲು ನೆಲ ಮುಟ್ಟಿದ ಮೇಲೆ ಮೈಕು ಆರಿಸಿದೆ.

ಅವತ್ತು ಮನೆಗೆ ಹೋಗುವಾಗ ಲೋಕಲಿನಲ್ಲಿ ಮಾಮಿ ಕಿಟಕಿಯ ಪಕ್ಕ ಕೂತು ಹೊರಗೆ ನೋಡುತ್ತಿದ್ದರು. ಸ್ನೇಹಾ ನನ್ನ ಕಿವಿಯಲ್ಲಿ, "ಆಈ, ಆಜೀ ಆ ಹುಡುಗನಿಗೆ ಏನು ಹೇಳಿದಳು ಗೊತ್ತಾ?" ಎಂದು ಮರಾಠಿಯಲ್ಲಿ ಕೇಳಿ, ಅಜ್ಜಿಯ ಹಿಂದಿಯನ್ನು ಹಾಗೆಯೇ ಒಪ್ಪಿಸಿದಳು: "ಚುಪ್ ಬೈಠೋ. ಮೈಕ್ ಮೇ ಮೇರಾ ಬಹೂ ಹೈ. ವೋ ಸಬ್ ಕೋ ಉತಾರೇಗಾ."

ಮೈಕಿನಲ್ಲಿರುವುದು ನನ್ನ ಸೊಸೆ, ಅವಳು ಎಲ್ಲರನ್ನೂ ಇಳಿಸುತ್ತಾಳೆ. ನಾನು ಮುಖ ತಿರುಗಿಸಿಕೊಂಡೆ. ಲೋಕಲಿನಲ್ಲಿ ಜನ ಇದ್ದರು.

ಗಾಡಿ ನಿಂತದ್ದಕ್ಕೆ ಯಾರೂ ಕಾರಣರಲ್ಲ. ಹೊಸ ಗಾಲಿಗಳನ್ನು ಹಾಕಿ ಹೆಚ್ಚು ದಿನ ಆಗಿರಲಿಲ್ಲ, ಅವು ಇನ್ನೂ ಬಿಗಿಯಾಗಿದ್ದವು. ಅವತ್ತು ಹಿನ್ನೀರಿನ ಖಾಡಿಯ ಕಡೆಯಿಂದ ಎದುರುಗಾಳಿ ಜೋರಾಗಿತ್ತು, ಸೀಟುಗಳೂ ಅರ್ಧ ಖಾಲಿ. ಗಾಡಿಗೆ ಭಾರ ಸಾಲಲಿಲ್ಲ. ಅದಾದ ಮೇಲೆ ಹೊಸ ಗಾಲಿ ಹಾಕಿದರೆ ದಿನಗಟ್ಟಲೆ ಬೊಂಬೆಗಳನ್ನೇ ಓಡಿಸಿ, ಗಾಳಿ ಅಳೆಯುವ ಯಂತ್ರ ನೋಡಿ, ಆಮೇಲೆ ಜನರನ್ನು ಹತ್ತಿಸುವ ಪದ್ಧತಿ ಬಂತು. ಹೊಸ ಗಾಲಿ ಬಂದಾಗಲೆಲ್ಲ ಈಗ ನೀವು ಗೊಣಗುತ್ತ ಮಾಡುವ ಆ ಕೆಲಸ ಹುಟ್ಟಿದ್ದು ಹೀಗೆ.

ಸಾವಂತ್ ಸಾಹೇಬರು ನನ್ನನ್ನು ಕರೆದು, ಮೈಕಿನಲ್ಲಿ ಹೇಳಿದ್ದು ಯಾವ ಭಾಷೆ ಎಂದು ಕೇಳಿದರು. ನಿಯಮ ಮೀರಿದ್ದಕ್ಕೆ ಬೈಗುಳ ಬರುತ್ತದೆ ಎಂದುಕೊಂಡೆ. ಅರ್ಥ ಹೇಳಿದೆ. "ನಮ್ಮ ಮೂರು ಭಾಷೆಗೂ ನಿಮ್ಮ ಅತ್ತೆ ತಲೆ ಎತ್ತಲಿಲ್ಲ. ಇನ್ನು ಮುಂದೆ ಗಾಡಿ ನಿಂತಾಗ ಯಾವ ಭಾಷೆಯ ಜನ ಗಾಡಿಯಲ್ಲಿದ್ದಾರೋ ಆ ಭಾಷೆ ಬಲ್ಲವರು ಮೈಕಿಗೆ ಬರಲಿ" ಎಂದರು. ಅದರಿಂದಾಗಿ ನಮ್ಮ ಕೇಬಿನ್ನಿನಲ್ಲಿ ಗುಜರಾತಿ, ಭೋಜ್‌ಪುರಿ, ಮಲಯಾಳಂ ಎಲ್ಲ ಕೇಳಿಸಿದವು. ರೇಣುಕಾ, ನಿನ್ನ ವಿಜಾಪುರದ ಮಾತೂ ಒಂದು ದಿನ ಬೇಕಾದೀತು.

ಮನೆಯಲ್ಲಿ ಮಾತ್ರ ಮಾಮಿ ಆ ದಿನದ ಸುದ್ದಿಯನ್ನೇ ಎತ್ತಲಿಲ್ಲ. ಗಂಡ ಒಂದು ಬೆಳಿಗ್ಗೆ ಚಾ ಕುಡಿಯುತ್ತ, "ಸಾಕಲ್ಲ ಇನ್ನು ಈ ಕೆಲಸ? ಅಮ್ಮನಿಗೂ ಬೇಜಾರಾದ ಹಾಗೆ ಕಾಣ್ತದೆ" ಎಂದರು. ಬಿಡು ಎಂದು ಮಾಮಿ ಹೇಳಿದರೆ ಬಿಡುವುದೇ ಎಂದು ಒಳಗೊಳಗೇ ನಿರ್ಧರಿಸಿದ್ದೆ. ಅದನ್ನು ನೆನೆದರೆ ಅಳು ಬರುತ್ತಿತ್ತು.

ಮಾಮಿ ಅಲ್ಲೇ ನೆಲದಲ್ಲಿ ಕೂತು ತೊಂಡೆಕಾಯಿ ಹೆಚ್ಚುತ್ತಿದ್ದರು. ತಲೆ ಎತ್ತದೆ ಕೇಳಿದರು, "ವಾರಿಜಾ, ಗಾಡಿ ರಿಪೇರಿ ಆಯ್ತಾ?"

"ಆಯ್ತು ಮಾಮಿ. ನಾಡಿದ್ದಿಂದ ಶುರು."

"ಅವತ್ತು ಅರ್ಧದಲ್ಲೇ ನಿಂತದ್ದಲ್ವಾ ಅದು? ಹಿಂದೆ ಬರುದು ಆಗ್ಲೇ ಇಲ್ಲ ನಮಗೆ."

"ಇಲ್ಲ."

"ಮತ್ತೆ ಬಾಕಿ ಅರ್ಧ ಯಾವಾಗ?"

ಗಂಡನ ಮೂಗಿಗೆ ಚಾ ಹತ್ತಿತು.

ಜನ ಕಡಿಮೆ ಇರುವ ಒಂದು ಬುಧವಾರ ಕರೆದುಕೊಂಡು ಹೋದೆ. ಈ ಸಲ ಸ್ನೇಹಾ ಇರಲಿಲ್ಲ, ಅವಳಿಗೆ ಪರೀಕ್ಷೆ. ಮಾಮಿ ಒಬ್ಬರೇ ಮತ್ತೆ ಮುಂದಿನ ಸಾಲಿಗೆ ಹೋದರು. ಬಿಪಿ ಕೇಳಿದೆ. ಈ ಸಲ ಬೈಯಲಿಲ್ಲ, ಶಾಲೆಯ ಹುಡುಗಿಯಂತೆ "ಇಲ್ಲ" ಎಂದರು. ಲಾಕ್ ಎಳೆದು ನೋಡಿದೆ. ನನ್ನ ಕೈಯ ಮೇಲೆ ಅವರು ತಮ್ಮ ಕೈ ಇಟ್ಟರು, ಬೆರಳು ತಣ್ಣಗಿತ್ತು. ಸಾವಂತ್ ಸಾಹೇಬರು ದೂರದಿಂದ ಕೈಮುಗಿದರು.

ಮೈಕಿನಲ್ಲಿ ಎಂದಿನಂತೆ "ಸಬ್ ತಯ್ಯಾರ್?" ಎಂದೆ. ಎಲ್ಲರೂ "ಹಾಂ" ಎಂದು ಕೂಗಿದರು. ಆ ಕೂಗು ನಿಂತ ಮೇಲೆ ಮುಂದಿನ ಸಾಲಿನಿಂದ ಒಂದು ಸ್ವರ ಬಂತು, "ಬುಡ್ಲ ವಾರಿಜಾ!" ಬಿಡು ಎಂದು. ಅಡುಗೆಮನೆಯಲ್ಲಿ ನಾನು ಎಷ್ಟೋ ವರ್ಷದಿಂದ ಕೇಳಿದ ಅದೇ ಅಪ್ಪಣೆಯ ಸ್ವರ.

ಬಿಟ್ಟೆ. ಗಾಡಿ ಬಳೆ ಸುತ್ತಿತು, ಏರಿನ ತುದಿ ಮುಟ್ಟಿತು, ಹಿಂದಕ್ಕೆ ಜಾರಿ ಮತ್ತೆ ಬಳೆ ಸುತ್ತಿ ನನ್ನ ಕೇಬಿನ್ನಿನ ಮುಂದೆ ಗಾಳಿಯಂತೆ ಹಾದುಹೋಯಿತು. ಆ ಒಂದು ಕ್ಷಣ ಮಾಮಿಯ ಮುಖ ಕಂಡಿತು. ತುರುಬು ಬಿಚ್ಚಿತ್ತು, ಬಾಯಿ ಅಗಲವಾಗಿ ತೆರೆದಿತ್ತು, ಅವರು ನಗುತ್ತಿದ್ದರು. ನಾನು ಈ ಮನೆಗೆ ಬಂದಂದಿನಿಂದ ಅವರು ಹಾಗೆ ನಕ್ಕದ್ದನ್ನು ಕಂಡಿರಲಿಲ್ಲ.

ನನ್ನ ಪಾಳಿ ಮುಗಿಯುವ ತನಕ ಅವರು ಬೆಂಚಿನ ಮೇಲೆ ಕೂತು ಗಾಡಿ ನೋಡುತ್ತಿದ್ದರು. ಸಂಜೆ ಪಾರ್ಕಿನ ಬಸ್ಸಿನಲ್ಲಿ ಇಬ್ಬರೂ ಪಕ್ಕಪಕ್ಕ ಕೂತೆವು.

"ಇದನ್ನು ನೀನು ದಿನಾ ಮಾಡುದಾ?"

"ಹೌದು ಮಾಮಿ."

"ಇಷ್ಟು ವರ್ಷದಲ್ಲಿ ಮನೇಲಿ ಒಂದು ದಿನ ಹೇಳ್ಲಿಲ್ಲ ನೀನು."

"ನೀವು ಕೇಳ್ಲಿಲ್ಲ."

ಅವರು ಬಿಚ್ಚಿದ ಕೂದಲನ್ನು ಗಂಟು ಹಾಕಿಕೊಂಡರು. ಆಮೇಲೆ ನನ್ನ ಕಡೆ ಪೂರ್ತಿ ತಿರುಗಿ ಕೂತರು.

"ಈಗ ಕೇಳ್ತಾ ಇದ್ದೇನೆ. ಹೇಳು."

ಲಾಕರಿನ ದಿನಗಳಿಂದ ಶುರುಮಾಡಿದೆ. ಬಸ್ಸು ಇಳಿದು ಲೋಕಲ್ ಹತ್ತಿದರೂ ಮುಗಿಯಲಿಲ್ಲ, ಠಾಣೆಯಲ್ಲಿ ಇಳಿದು ಕೋಪರಿಯ ಕಡೆ ನಡೆಯುವಾಗಲೂ ಮುಗಿಯಲಿಲ್ಲ. ಚಾಳಿನ ಬಾಗಿಲಿಗೆ ಬಂದಾಗ ನನ್ನ ಸ್ವರ ಪಾರ್ಕಿನಲ್ಲಿದ್ದಷ್ಟೇ ದೊಡ್ಡದಾಗಿತ್ತು. ಮಾಮಿ ಬೀಗ ತೆಗೆಯದೆ ಅಲ್ಲೇ ಮೆಟ್ಟಿಲ ಮೇಲೆ ಕೂತು, "ಮತ್ತೆ?" ಎಂದರು.